ಫೀಸಿನಿಂದ ಬೆಳೆದ ಕಾಲೇಜು ಯಾರ ಆಸ್ತಿ? ಇರಾನಿನ ಆಝಾದ್ ವಿವಿಯ ಕಥೆ

ಇರಾನಿನ ಇಸ್ಫಹಾನ್ ನಗರದ ಪಕ್ಕದಲ್ಲಿ ನಜಫಾಬಾದ್ ಎಂಬ ಊರಿದೆ. ಅಲ್ಲೊಂದು ದೊಡ್ಡ ಕಾಲೇಜಿದೆ. ಅದು ಇಸ್ಲಾಮಿಕ್ ಆಝಾದ್ ವಿಶ್ವವಿದ್ಯಾನಿಲಯದ ಶಾಖೆ. ಇಂಥ ಶಾಖೆಗಳು ಇರಾನಿನ ಸಣ್ಣಪುಟ್ಟ ಪಟ್ಟಣಗಳಲ್ಲೆಲ್ಲ ಇವೆ. ಇವು ಹುಟ್ಟಿದ್ದು ಸರಕಾರದ ಅನುದಾನದಿಂದಲ್ಲ, ಮಕ್ಕಳ ಫೀಸಿನಿಂದ.

1979ರ ಕ್ರಾಂತಿಯ ಮರುವರ್ಷ 'ಸಾಂಸ್ಕೃತಿಕ ಕ್ರಾಂತಿ'ಯ ಹೆಸರಲ್ಲಿ ಅಲ್ಲಿನ ವಿವಿಗಳ ಬಾಗಿಲು ಮುಚ್ಚಲಾಯಿತು. ಅದೇ ವರ್ಷ ಇರಾಕಿನೊಂದಿಗೆ ಯುದ್ಧವೂ ಶುರುವಾಯಿತು. ಸರಕಾರದ ಕೈಯಲ್ಲಿ ದುಡ್ಡಿಲ್ಲ. 'ಕೊಂಕೂರ್' ಪ್ರವೇಶ ಪರೀಕ್ಷೆ ಬರೆಯುವವರು ಲಕ್ಷಗಟ್ಟಲೆ, ಸೀಟು ಮಾತ್ರ ಬೆರಳೆಣಿಕೆ. ಇಂಥ ಹೊತ್ತಲ್ಲಿ, 1982ರ ಮೇ ತಿಂಗಳಲ್ಲಿ, ಆಗಿನ ಸಂಸತ್ತಿನ ಸ್ಪೀಕರ್ ಹಾಶಿಮಿ ರಫ್ಸಂಜಾನಿ ತೆಹ್ರಾನಿನ ಜುಮಾ ಖುತ್ಬಾದಲ್ಲಿ ಹೊಸ ವಿವಿಯನ್ನು ಘೋಷಿಸಿದರು. ಅಬ್ದುಲ್ಲಾ ಜಾಸ್ಬಿ ಸುಮಾರು 30 ವರ್ಷ ಅದನ್ನು ನಡೆಸಿದರು.

ಲೆಕ್ಕಾಚಾರ ಸರಳವಾಗಿತ್ತು. ಊರಿನವರು ಜಾಗ ಕೊಟ್ಟರೆ ಶಾಖೆ, ಮಕ್ಕಳು ಫೀಸು ಕಟ್ಟಿದರೆ ಸಂಬಳ, ಉಳಿದದ್ದರಲ್ಲಿ ಮುಂದಿನ ಕಟ್ಟಡ. ವಿದ್ಯಾರ್ಥಿಗಳ ಸಂಖ್ಯೆ ಹತ್ತು ಲಕ್ಷ ದಾಟಿತು. ದೊಡ್ಡ ಲಾಭ ಆದದ್ದು ಹೆಣ್ಣುಮಕ್ಕಳಿಗೆ. ಮಗಳನ್ನು ಒಬ್ಬಳೇ ತೆಹ್ರಾನಿಗೆ ಕಳಿಸಲು ಹಿಂಜರಿಯುತ್ತಿದ್ದ ತಂದೆಗೆ ಕಾಲೇಜು ಮನೆ ಹತ್ತಿರವೇ ಬಂತು.

ಆದರೆ ಹೀಗೆ ಬೆಳೆದ ಆಸ್ತಿ ಯಾರದ್ದು? 2009ರ ಚುನಾವಣೆಯ ನಂತರ ಈ ಪ್ರಶ್ನೆ ಬೀದಿಗೆ ಬಂತು. ವಿವಿ ತಮ್ಮ ಎದುರಾಳಿಗೆ ನೆರವಾಯಿತೆಂದು ಅಧ್ಯಕ್ಷ ಅಹ್ಮದಿನೆಜಾದ್ ಅವರ ಬೆಂಬಲಿಗರು ಆರೋಪಿಸಿದರು. ಸರಕಾರ ಆಡಳಿತವನ್ನು ತನ್ನ ಕೈಗೆ ತೆಗೆದುಕೊಳ್ಳಲು ಹೊರಟಿತು. ತಡೆಯಲು ವಿವಿಯ ಮಂಡಳಿ ಇಡೀ ಆಸ್ತಿಯನ್ನೇ ವಕ್ಫ್ ಎಂದು ಘೋಷಿಸಿತು. ಒಮ್ಮೆ ವಕ್ಫ್ ಆದರೆ ಯಾವ ಸರಕಾರವೂ ಮುಟ್ಟಲಾಗದು ಎಂಬುದು ಅವರ ಲೆಕ್ಕ.

2010ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನಾಯಕ ಖಾಮಿನೈ ಈ ವಕ್ಫ್ ಸಿಂಧುವಲ್ಲ ಎಂದರು. ಫಿಕ್ಹ್ ಪ್ರಕಾರ ವಾಕಿಫ್ ಆ ಆಸ್ತಿಯ ಮಾಲಕನೇ ಆಗಿರಬೇಕು. ಮಂಡಳಿಯವರು ನಡೆಸುವವರೇ ಹೊರತು ಮಾಲಕರಲ್ಲ. ಮಾತು ಸರಿಯೇ. ಆದರೆ ಮುಂದೆ ಆದದ್ದೇನು? 2012ರಲ್ಲಿ ಜಾಸ್ಬಿ ಇಳಿದರು, ಅಹ್ಮದಿನೆಜಾದ್ ಸರಕಾರದ ವಿಜ್ಞಾನ ಸಚಿವರ ಸಹೋದರ ಫರ್ಹಾದ್ ದಾನಿಶ್ಜೂ ಆ ಕುರ್ಚಿಯಲ್ಲಿ ಕೂತರು. ಒಂದು ಬಣದಿಂದ ಇನ್ನೊಂದು ಬಣಕ್ಕೆ ಬೀಗದಕೈ ಹೋಯಿತು ಅಷ್ಟೆ. ಫೀಸು ಕಟ್ಟಿದವರನ್ನು, ಜಾಗ ಕೊಟ್ಟವರನ್ನು ಎರಡೂ ಕಡೆಯವರು ಕೇಳಲಿಲ್ಲ.

ಈಗ ಬೇರೊಂದು ಚಿಂತೆ. 1980ರ ದಶಕದಲ್ಲಿ ಇರಾನಿನಲ್ಲಿ ಒಬ್ಬ ತಾಯಿಗೆ ಸರಾಸರಿ ಆರು ಮಕ್ಕಳು, 2000ದ ಹೊತ್ತಿಗೆ ಎರಡು. ಹದಿನೆಂಟು ತುಂಬುವವರೇ ಕಡಿಮೆಯಾದರೆ ಫೀಸು ಎಲ್ಲಿಂದ ಬರಬೇಕು? ನಿರ್ಬಂಧಗಳ ಹೊಡೆತಕ್ಕೆ ಉದ್ಯೋಗವೂ ಸೊರಗಿದೆ. ಡಿಗ್ರಿ ಹಿಡಿದು ಕೆಲಸವಿಲ್ಲದೆ ಕೂತವರು ಮನೆಮನೆಯಲ್ಲಿದ್ದಾರೆ.

ಹಾಗಂತ ಆಝಾದ್ ಸೋತಿತು ಅನ್ನಲಾಗದು. ಅದಿಲ್ಲದಿದ್ದರೆ ಆ ಊರುಗಳ ಅದೆಷ್ಟೋ ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಕೊರತೆ ಇದ್ದದ್ದು ಒಂದರಲ್ಲೇ: ದುಡ್ಡು ಜನರದ್ದು, ಲೆಕ್ಕ ಕೆಲವರದ್ದು. ಊರಿನವರ ಕಾಸಿನಲ್ಲಿ ಶಾಲೆ, ಕಾಲೇಜು ಕಟ್ಟುವವರು ಎಲ್ಲೇ ಇರಲಿ, ಮೊದಲ ದಿನವೇ ಬರೆದಿಡಬೇಕಾದ ಸಾಲು ಇದು: ಇದರ ಮಾಲಕರು ಯಾರು, ಲೆಕ್ಕ ಕೇಳುವ ಹಕ್ಕು ಯಾರಿಗೆ?