ಖಾಲಿ ಕುರ್ಚಿಗೆ ಒಗ್ಗಿಹೋದವರು

ತಾಲ್ಲೂಕು ಕಚೇರಿಯಲ್ಲಿ ‘ಸಾಹೇಬರಿಗೆ ಎರಡು ಕಡೆ ಚಾರ್ಜು, ಗುರುವಾರ ಬನ್ನಿ’ ಎಂದರೆ ಗುರುವಾರ ಹೋಗುತ್ತೇವೆ. ಶಾಲೆಯಲ್ಲಿ ಗಣಿತದ ಮೇಷ್ಟ್ರಿಲ್ಲ, ಅತಿಥಿ ಶಿಕ್ಷಕರು ಬರುವತನಕ ಕಾಯಿರಿ ಎಂದರೆ ಕಾಯುತ್ತೇವೆ. ಕೈಯಲ್ಲಿ ನಾಲ್ಕು ಕಾಸಿದ್ದರೆ ಮಗುವನ್ನು ಕಾನ್ವೆಂಟಿಗೆ ಸೇರಿಸುತ್ತೇವೆ. ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಇಲ್ಲವೆಂದರೆ ಚೀಟಿ ಹಿಡಿದು ಎದುರಿನ ಖಾಸಗಿ ಲ್ಯಾಬಿಗೆ ನಡೆಯುತ್ತೇವೆ. ಆ ಕುರ್ಚಿ ಎಂದಿನಿಂದ ಖಾಲಿ, ಖಾಲಿ ಇಡಲು ತೀರ್ಮಾನಿಸಿದವರು ಯಾರು ಎಂದು ಕೇಳುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ.

ಕರ್ನಾಟಕ ಸರ್ಕಾರದಲ್ಲಿ ಮಂಜೂರಾದ ಹುದ್ದೆಗಳು ಸುಮಾರು 7.7 ಲಕ್ಷ. ಖಾಲಿ ಬಿದ್ದಿರುವುದು ಎರಡೂವರೆ ಲಕ್ಷಕ್ಕೂ ಹೆಚ್ಚು. ಮೂರರಲ್ಲಿ ಒಂದು. ನಿವೃತ್ತಿಯ ದಿನಾಂಕ ನೌಕರಿಗೆ ಸೇರಿದ ದಿನವೇ ಸೇವಾ ಪುಸ್ತಕದಲ್ಲಿ ಬರೆದಾಗಿರುತ್ತದೆ. ಯಾವ ತಿಂಗಳು ಯಾವ ಕುರ್ಚಿ ತೆರವಾಗುತ್ತದೆಂಬುದು ಇಲಾಖೆಗೆ ಇಪ್ಪತ್ತು ವರ್ಷ ಮೊದಲೇ ಗೊತ್ತು. ಹೀಗಿದ್ದೂ ಹುದ್ದೆ ತುಂಬಿಲ್ಲವೆಂದರೆ ಅದು ಆಕಸ್ಮಿಕವಲ್ಲ. ಆರ್ಥಿಕ ಇಲಾಖೆಯ ಸಹಮತಿ ಸಿಗದೆ ಪ್ರಸ್ತಾವ ವಾಪಸಾಗಿದೆ, ಮತ್ತೆ ಹೋಗಿದೆ, ಮತ್ತೆ ವಾಪಸಾಗಿದೆ. ಸಿಕ್ಕ ಅಲ್ಪಸ್ವಲ್ಪ ಅನುಮತಿಯೂ ಪರೀಕ್ಷಾ ಅಕ್ರಮಗಳಲ್ಲಿ, ಕೋರ್ಟು ತಕರಾರುಗಳಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿದೆ.

ಇದರ ಬೇರು ಹಳೆಯದು. 2001ರಲ್ಲಿ ರಾಜ್ಯ ವಿಶ್ವಬ್ಯಾಂಕಿನಿಂದ ಆರ್ಥಿಕ ಪುನಾರಚನೆಯ ಸಾಲ ಪಡೆಯಿತು. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಬಂತು; ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3ನ್ನು ಮೀರಬಾರದೆಂಬ ಗೆರೆ ಬಿತ್ತು. ಸಾಲಕ್ಕೊಂದು ಮಿತಿ ಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಆ ಗೆರೆಯೊಳಗೆ ಉಳಿಯಲು ಅತಿ ಸುಲಭವಾದ ದಾರಿ ಯಾವುದೆಂದು ನಮ್ಮ ಅಧಿಕಾರಿಗಳು ಬೇಗ ಕಂಡುಕೊಂಡರು: ನಿವೃತ್ತರಾದವರ ಜಾಗಕ್ಕೆ ಯಾರನ್ನೂ ತರದಿರುವುದು. ಅದಕ್ಕೆ ವಿಧಾನಸಭೆಯಲ್ಲಿ ಚರ್ಚೆ ಬೇಕಿಲ್ಲ, ಆದೇಶವೂ ಬೇಕಿಲ್ಲ. ಸುಮ್ಮನಿದ್ದರೆ ಸಾಕು.

ಕೆಲಸ ಮಾತ್ರ ಸುಮ್ಮನಿರಲಿಲ್ಲ. ಜನಸಂಖ್ಯೆ ಬೆಳೆಯಿತು, ಯೋಜನೆಗಳು ಬೆಳೆದವು. ಪಹಣಿ, ಬೆಳೆ ಸಮೀಕ್ಷೆ, ಪಿಂಚಣಿ ಅರ್ಜಿ, ಬಗರ್ ಹುಕುಂ ಎಲ್ಲಕ್ಕೂ ಒಂದೊಂದು ಆ್ಯಪ್ ಬಂತು. ಹತ್ತಾರು ಆ್ಯಪ್‌ಗಳನ್ನು ಹೊತ್ತ ಗ್ರಾಮ ಆಡಳಿತಾಧಿಕಾರಿಗಳು 2024ರ ಸೆಪ್ಟೆಂಬರ್‌ನಲ್ಲಿ ಕೆಲಸ ನಿಲ್ಲಿಸಿ ಧರಣಿ ಕೂತರು. ಕೊಟ್ಟ ಮಾತು ಈಡೇರಲಿಲ್ಲವೆಂದು 2025ರ ಫೆಬ್ರುವರಿಯಲ್ಲಿ ಮತ್ತೆ ಕೂತರು. ಆಗ ನಾವು ಆಡಿದ ಮಾತು ನೆನಪಿದೆಯೇ? ‘ಇವರಿಗೆ ಸಂಬಳ ಸಾಲದೇನೋ, ಇನ್ನು ನಮ್ಮ ಜಾತಿ ಪ್ರಮಾಣಪತ್ರದ ಗತಿಯೇನು?’ ಎರಡು ವೃತ್ತಗಳ ಕೆಲಸವನ್ನು ಒಬ್ಬನ ತಲೆಗೆ ಕಟ್ಟಿದವರ ಮೇಲೆ ಬರಬೇಕಿದ್ದ ಸಿಟ್ಟನ್ನು ಕಟ್ಟಿಸಿಕೊಂಡವನ ಮೇಲೆ ತೀರಿಸಿಕೊಂಡೆವು.

ಇನ್ನು ಪೌರಕಾರ್ಮಿಕರ ಸಂಗತಿ. ಐ.ಪಿ.ಡಿ. ಸಾಲಪ್ಪ ಸಮಿತಿ ಎಪ್ಪತ್ತರ ದಶಕದಲ್ಲಿಯೇ 500 ಜನರಿಗೆ ಒಬ್ಬ ಪೌರಕಾರ್ಮಿಕರಿರಬೇಕೆಂದು ಹೇಳಿತ್ತು. ಅಷ್ಟು ಜನರನ್ನು ನೇಮಿಸಬೇಕಿದ್ದ ಸರ್ಕಾರ 2017ರ ಹೊತ್ತಿಗೆ ಅಳತೆಗೋಲನ್ನೇ ಬದಲಿಸಿ 700 ಜನರಿಗೆ ಒಬ್ಬರೆಂದಿತು. ಹತ್ತು ಸಾವಿರ ಜನರಿರುವ ಬಡಾವಣೆಗೆ ಇಪ್ಪತ್ತು ಮಂದಿ ಬೇಕಿದ್ದ ಕಡೆ ಹದಿನಾಲ್ಕು ಮಂದಿ ಸಾಕಾಯಿತು, ಕಾಗದದ ಮೇಲೆ ಕೊರತೆ ತಗ್ಗಿತು. ಬೀದಿಯ ಕಸ ತಗ್ಗಲಿಲ್ಲ. ಉಳಿದ ಆರು ಜನರ ಕೆಲಸವನ್ನು ಆ ಹದಿನಾಲ್ಕು ಮಂದಿಯ ಬೆನ್ನು, ಮಂಡಿ, ಶ್ವಾಸಕೋಶಗಳು ಮಾಡಬೇಕಾಯಿತು. ಬೆಂಗಳೂರಿನಲ್ಲಿ ಆ ಬೆನ್ನುಗಳು ಬಹುಪಾಲು ದಲಿತ ಹೆಣ್ಣುಮಕ್ಕಳವು. 2018ರ ಜುಲೈನಲ್ಲಿ, ತಿಂಗಳುಗಟ್ಟಲೆ ಕೂಲಿ ಸಿಗದೆ, ಇದೇ ಬೆಂಗಳೂರಿನಲ್ಲಿ ಪೌರಕಾರ್ಮಿಕರೊಬ್ಬರು ಆತ್ಮಹತ್ಯೆ ಮಾಡಿಕೊಂಡರು. 2022ರ ಜುಲೈನಲ್ಲಿ ಸಾವಿರಾರು ಜನ ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದ ಮೇಲೆ ಸರ್ಕಾರ ಕಾಯಂಗೊಳಿಸುವ ಮಾತು ಕೊಟ್ಟಿತು. 2025ರ ಮೇ ದಿನದಂದು 12,692 ಮಂದಿಗೆ ನೇಮಕಾತಿ ಪತ್ರ ಸಿಕ್ಕಿತು. ಖಜಾನೆಯೇನೂ ಮುಳುಗಲಿಲ್ಲ. ಹಣವಿಲ್ಲವೆಂದು ಇಷ್ಟು ವರ್ಷ ಹೇಳಿಕೊಂಡು ಬಂದವರು ಇದಕ್ಕೆ ಉತ್ತರ ಕೊಡಬೇಕು. ಪತ್ರ ಪಡೆದವರ ಪಕ್ಕದಲ್ಲೇ ಕಸದ ಆಟೊ ಓಡಿಸುವ ಚಾಲಕರು, ಲೋಡರ್‌ಗಳು ಇನ್ನೂ ಗುತ್ತಿಗೆಯಲ್ಲೇ ಯಾಕಿದ್ದಾರೆ ಎಂಬುದಕ್ಕೂ.

ಕಾನೂನು ಹೇಳುವುದನ್ನು ಅರ್ಧ ಓದುವುದು ನಮ್ಮ ಆಡಳಿತದ ಇನ್ನೊಂದು ಚಾಳಿ. 2006ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಉಮಾದೇವಿ ಪ್ರಕರಣ ಹುಟ್ಟಿದ್ದು ನಮ್ಮ ರಾಜ್ಯದಲ್ಲೇ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ. ಹಿಂಬಾಗಿಲಿನಿಂದ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂಬ ಅದರ ಸಾಲು ಪ್ರತಿ ಕಚೇರಿಯಲ್ಲೂ ಕಂಠಪಾಠ. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರನ್ನು ಒಂದು ಬಾರಿಗೆ ಸಕ್ರಮಗೊಳಿಸಿ, ತೆರವಾದ ಹುದ್ದೆಗಳಿಗೆ ಕ್ರಮಬದ್ಧವಾಗಿ ನೇಮಕ ಮಾಡಿ ಎಂದು ಅದೇ ತೀರ್ಪು ಹೇಳಿದ್ದು ಯಾರ ಬಾಯಲ್ಲೂ ಬರುವುದಿಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನ ತಾತ್ಕಾಲಿಕ ನೌಕರರಿಗೂ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ಉಮಾದೇವಿ ತೀರ್ಪನ್ನು ನೌಕರರ ವಿರುದ್ಧದ ಆಯುಧ ಮಾಡಿಕೊಳ್ಳಬೇಡಿ ಎಂದು 2024ರ ಡಿಸೆಂಬರ್‌ನಲ್ಲಿ ಹೇಳಿತು. ನಿತ್ಯದ ಸಾರ್ವಜನಿಕ ಕೆಲಸ ಮಾಡುವವರ ಬೆನ್ನಿನ ಮೇಲೆ ಸರ್ಕಾರ ಬಜೆಟ್ ಸರಿದೂಗಿಸುವಂತಿಲ್ಲ ಎಂಬ ಅರ್ಥದ ಮಾತನ್ನು 2025ರ ಆಗಸ್ಟ್‌ನಲ್ಲಿ, ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ, ಖಡಾಖಂಡಿತವಾಗಿ ಹೇಳಿತು. ಇನ್ನೆಷ್ಟು ಸಲ ಹೇಳಬೇಕು?

ಶಾಲೆಗಳನ್ನು ನೋಡಿ. ವರ್ಷಕ್ಕೆ ಐವತ್ತು ಸಾವಿರದಷ್ಟು ಅತಿಥಿ ಶಿಕ್ಷಕರನ್ನು ಹಚ್ಚಿಕೊಂಡು ಸರ್ಕಾರಿ ಶಾಲೆ ನಡೆಸುತ್ತಿದ್ದೇವೆ. 2025ರ ಬಜೆಟ್ಟಿನಲ್ಲಿ ಎರಡು ಸಾವಿರ ಏರಿಸಿದ ಮೇಲೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕಿಗೆ ಸಿಗುವುದು ತಿಂಗಳಿಗೆ 12,000. ಬೇಸಿಗೆ ರಜೆಗೆ ಅದೂ ಇಲ್ಲ. ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಬಿ.ಇಡಿ ಮುಗಿಸಿ ಹತ್ತು ವರ್ಷ ಹೀಗೆ ಕಳೆದವರ ವಯೋಮಿತಿ ಮೀರುತ್ತದೆ, ಮದುವೆ ಮುಂದಕ್ಕೆ ಹೋಗುತ್ತದೆ, ಬ್ಯಾಂಕು ಸಾಲ ಕೊಡುವುದಿಲ್ಲ. ನಾಳೆ ಏನೆಂದು ತಿಳಿಯದ ಮೇಷ್ಟ್ರಿಂದ ಮಕ್ಕಳ ನಾಳೆಯನ್ನು ರೂಪಿಸಿಕೊಳ್ಳಲು ಹೊರಟಿದ್ದೇವೆ.

ಕಾಯಂ ನೌಕರರೇ, ನಿಮಗೂ ಒಂದು ಮಾತು. 2023ರ ಮಾರ್ಚ್ 1ರಂದು ನೀವು ಒಂದೇ ದಿನ ಕೆಲಸ ನಿಲ್ಲಿಸಿದಿರಿ, ಅಂದೇ ಶೇ 17ರ ಮಧ್ಯಂತರ ಪರಿಹಾರ ಬಂತು. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ಶಿಫಾರಸು ಜಾರಿಯಾಯಿತು. ಅದು ನಿಮ್ಮ ಹಕ್ಕು, ಯಾರೂ ಹೊಟ್ಟೆಕಿಚ್ಚು ಪಡಬೇಕಿಲ್ಲ. ಆದರೆ ನಿಮ್ಮದೇ ಕಚೇರಿಯಲ್ಲಿ, ನಿಮ್ಮದೇ ಕಡತಗಳನ್ನು ಕಂಪ್ಯೂಟರಿಗೆ ಏರಿಸುವ ಹೊರಗುತ್ತಿಗೆಯ ಹುಡುಗಿಯ ಸಂಬಳ ಮೂರು ತಿಂಗಳಿಂದ ಬಂದಿಲ್ಲವೆಂದಾಗ, ಏಜೆನ್ಸಿಯವನು ಪಿಎಫ್ ಕಟ್ಟಿಲ್ಲವೆಂದಾಗ ನಿಮ್ಮ ಸಂಘ ಎಲ್ಲಿತ್ತು? ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದರು. ಅವರಿಗೆ ಸಿಕ್ಕಿದ್ದು ತಿಂಗಳಿಗೆ ಹತ್ತು ಸಾವಿರದ ಭರವಸೆ. ಆ ಭರವಸೆಯನ್ನು ನೆನಪಿಸಲು ಆಗಸ್ಟ್‌ನಲ್ಲಿ ಮತ್ತೆ ಬೀದಿಗಿಳಿಯಬೇಕಾಯಿತು. ಒಂದು ದಿನದಲ್ಲಿ ಸರ್ಕಾರವನ್ನು ಬಗ್ಗಿಸಬಲ್ಲ ನೀವು ಅವರ ಪಕ್ಕ ಒಂದು ದಿನ ನಿಂತಿದ್ದರೆ? ನಿಮ್ಮ ಇಲಾಖೆಯಲ್ಲಿ ಹುದ್ದೆ ಖಾಲಿ ಬಿದ್ದಷ್ಟೂ ನಿಮ್ಮ ರಜೆ ರದ್ದಾಗುತ್ತದೆ, ಬಿಪಿ ಏರುತ್ತದೆ. ನಿಮ್ಮ ನಂತರ ಆ ಜಾಗಕ್ಕೆ ಬರುವವರು ಸಂಘ ಕಟ್ಟಲಾರದ ಗುತ್ತಿಗೆಯವರೇ ಆಗುತ್ತಾರೆ. ಇದು ನಿಮಗೆ ತಿಳಿಯದ್ದೇನಲ್ಲ.

ಹೊರಗುತ್ತಿಗೆ ಅಗ್ಗವೆಂಬ ವಾದವನ್ನೂ ಒಮ್ಮೆ ಏಜೆನ್ಸಿಯ ಬಿಲ್ ಇಟ್ಟುಕೊಂಡು ಪರೀಕ್ಷಿಸಿ. ಏಜೆನ್ಸಿಯ ಸೇವಾಶುಲ್ಕ, ಹಲವೆಡೆ ಅದರ ಮೇಲೆ ಜಿಎಸ್‌ಟಿ, ವರ್ಷಕ್ಕೊಮ್ಮೆ ಟೆಂಡರು. ಖಜಾನೆಯಿಂದ ಹೋದ ಹಣ ಕೆಲಸಗಾರರ ಕೈಗೆ ಪೂರ್ತಿ ತಲುಪುವುದಿಲ್ಲ. ಮೀಸಲಾತಿ ಕ್ರಮವಾಗಿ ನಡೆಯುವುದು ಕಾಯಂ ನೇಮಕಾತಿಯಲ್ಲಿ. ಅದು ನಿಂತಾಗ ಮೊದಲು ಬಾಗಿಲು ಮುಚ್ಚುವುದು ಊರಿನಲ್ಲಿ ಮೊದಲ ಬಾರಿ ಓದಿದ ಮನೆಯ ಮಕ್ಕಳಿಗೆ. ಈ ನಷ್ಟ ಯಾವ ಬಜೆಟ್ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ದಾಖಲಾಗುವಂತೆ ಮಾಡಬಹುದು. ಮಾರ್ಚ್‌ನಲ್ಲಿ ಬಜೆಟ್ ಮಂಡಿಸುವಾಗ ಪ್ರತಿ ಇಲಾಖೆಯೂ ಎಷ್ಟು ಹುದ್ದೆ ಖಾಲಿ, ಎಷ್ಟು ವರ್ಷದಿಂದ ಖಾಲಿ, ತುಂಬುವ ತಾರೀಕು ಯಾವುದು, ಅಲ್ಲಿಯವರೆಗೆ ಆ ಕೆಲಸ ಯಾರ ಕೈಯಲ್ಲಿ ಎಷ್ಟು ಕೂಲಿಗೆ ನಡೆಯುತ್ತಿದೆ ಎಂದು ತಾಲ್ಲೂಕುವಾರು ಸದನದ ಮುಂದಿಡಲಿ. ವಿರೋಧ ಪಕ್ಷದವರೂ ಇದನ್ನು ಕೇಳಿಲ್ಲ, ಯಾಕೆಂದರೆ ಅವರು ಆಳಿದಾಗಲೂ ಕುರ್ಚಿ ಖಾಲಿಯೇ ಇತ್ತು. ಹಾಗಾಗಿ ಕೇಳಬೇಕಾದವರು ನಾವು. ನಿಮ್ಮ ಶಾಸಕರು ಮುಂದಿನ ಸಲ ರಸ್ತೆಗೆ ಗುದ್ದಲಿಪೂಜೆ ಮಾಡಲು ಬಂದಾಗ ನಿಮ್ಮೂರ ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಗ್ರಾಮ ಪಂಚಾಯಿತಿಯಲ್ಲಿ ಖಾಲಿ ಇರುವ ಹುದ್ದೆಗಳ ಪಟ್ಟಿಯನ್ನು ಅವರ ಕೈಗಿತ್ತು, ಯಾವ ತಾರೀಕಿನೊಳಗೆ ತುಂಬಿಸುತ್ತೀರೆಂದು ಬರೆಸಿಕೊಳ್ಳಿ.