ನಾರ್ಕೊಂಡಮಿನ ಮಂಗಟ್ಟೆ
ಉತ್ತರ ಅಂಡಮಾನಿನ ಪೂರ್ವಕ್ಕೆ ನಡುಗಡಲಲ್ಲಿ ಎದ್ದು ನಿಂತ ನಾರ್ಕೊಂಡಂ ದ್ವೀಪದ ವಿಸ್ತೀರ್ಣ ಸುಮಾರು 7 ಚದರ ಕಿಲೋಮೀಟರ್, ಅಷ್ಟೇ. ತಣ್ಣಗಾಗಿ ಮಲಗಿದ ಜ್ವಾಲಾಮುಖಿ, ಅದರ ಮೈತುಂಬ ದಟ್ಟ ಕಾಡು. ನಾರ್ಕೊಂಡಂ ಮಂಗಟ್ಟೆಗೆ ಇಡೀ ಭೂಮಿಯ ಮೇಲೆ ಇರುವುದು ಈ ಒಂದೇ ನೆಲೆ. ದಾಂಡೇಲಿಯ ದೊಡ್ಡ ಮಂಗಟ್ಟೆಯನ್ನು ಕಂಡವರಿಗೆ ಇದು ಬಹಳ ಚಿಕ್ಕದೆನಿಸೀತು; ಗಂಡಿಗೆ ಕೆಂಗಂದು ತಲೆ-ಕತ್ತು, ಹೆಣ್ಣು ಪೂರಾ ಕಪ್ಪು, ಇಬ್ಬರಿಗೂ ಬಾಲ ಬಿಳಿ. ಸಂಸಾರದ ರೀತಿ ಮಾತ್ರ ಅದೇ: ಹೆಣ್ಣು ಹಳೆಯ ಮರದ ಪೊಟರೆ ಹೊಕ್ಕು, ಕೊಕ್ಕು ತೂರುವಷ್ಟು ಸೀಳು ಬಿಟ್ಟು ಬಾಗಿಲು ಮುಚ್ಚಿಕೊಳ್ಳುತ್ತದೆ. ಮೊಟ್ಟೆಯೊಡೆದು ಮರಿ ಬೆಳೆಯುವವರೆಗೂ ಅದರ ಅನ್ನ ಗಂಡಿನ ಕೊಕ್ಕಿನಲ್ಲೇ. ಆ ಗಂಡು ಸತ್ತರೆ ಗೂಡೇ ಸತ್ತಂತೆ. ಇವು ಹೆಚ್ಚಾಗಿ ತಿನ್ನುವುದು ಅತ್ತಿ, ಆಲದ ಜಾತಿಯ ಹಣ್ಣುಗಳನ್ನು. ನುಂಗಿದ ಬೀಜಗಳನ್ನು ಇಳಿಜಾರಿನುದ್ದಕ್ಕೂ ಉದುರಿಸುತ್ತ ಆ ಕಾಡನ್ನು ತಾವೇ ಬಿತ್ತುತ್ತವೆ. ಒಟ್ಟು ಸಂಖ್ಯೆ ಒಂದು ಸಾವಿರದ ಆಸುಪಾಸು. ದ್ವೀಪದ ಪೊಲೀಸ್ ಠಾಣೆಯವರು ಒಮ್ಮೆ ತಂದ ಮೇಕೆಗಳು ಕಾಡಿಗೆ ನುಗ್ಗಿ ಸಸಿಗಳನ್ನೆಲ್ಲ ಮೇಯತೊಡಗಿದ್ದವು. ಅವುಗಳನ್ನು ಹಿಡಿದು ಹೊರಸಾಗಿಸಬೇಕಾಯಿತು. ಇದೇ ದ್ವೀಪದಲ್ಲಿ ಕರಾವಳಿ ಕಾವಲು ಪಡೆಯ ರೇಡಾರ್ ನಿಲ್ಲಿಸುವ ಯೋಜನೆಯನ್ನು ಪರಿಸರ ಸಚಿವಾಲಯ 2012ರಲ್ಲಿ ತಿರಸ್ಕರಿಸಿತ್ತು, 2014ರಲ್ಲಿ ಒಪ್ಪಿತು. ದೇಶದ ಗಡಿ ಕಾಯುವುದು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ರೇಡಾರಿಗೆ ಬೇರೆ ಗುಡ್ಡ ಹುಡುಕಬಹುದು, ಈ ಹಕ್ಕಿಗೆ ಬೇರೆ ದ್ವೀಪವಿಲ್ಲ. ನಾರ್ಕೊಂಡಮಿನ ಒಂದು ಹಳೆಯ ಮರಕ್ಕೂ ಕೊಡಲಿ ತಾಗಬಾರದು.