ಇದ್ದ ಕಿಟಕಿಯೋ, ಹೊಸ ಕಿಟಕಿಯೋ?



ನಮ್ಮ ಸಂಘದ ಜಾಲಪುಟವನ್ನು ತಿದ್ದುವ ಹೊಣೆ ಈಗ ಒಂದು ವರ್ಷದಿಂದ ನಮ್ಮ ಪಾಲಿಗೆ ಬಂದಿದೆಯಷ್ಟೆ. ಅದರಲ್ಲಿ ನಮ್ಮಿಂದಾದ ಎರಡು ತಪ್ಪುಗಳನ್ನು ಈ ಸಲ ಒಪ್ಪಿಕೊಳ್ಳಬೇಕಾಗಿದೆ.

ಕಳೆದ ಜೂನ್ ತಿಂಗಳಲ್ಲಿ ಮಾಟುಂಗಾದ ಹಿರಿಯ ಸದಸ್ಯರೊಬ್ಬರು ಮೊಮ್ಮಗಳ ವಿದ್ಯಾರ್ಥಿವೇತನಕ್ಕಾಗಿ ನಮ್ಮ ಪುಟದಲ್ಲಿ ಅರ್ಜಿ ತುಂಬುತ್ತಿದ್ದರು. ಮುಕ್ಕಾಲು ಪಾಲು ಮುಗಿದಿತ್ತು. ‘ನಿಯಮಾವಳಿ’ ಎಂಬ ಕೊಂಡಿಯನ್ನು ಒತ್ತಿದರು. ನಿಯಮಾವಳಿಯೇನೋ ಬಂತು, ಆದರೆ ಅರ್ಜಿ ಇದ್ದ ಜಾಗದಲ್ಲಿಯೇ ಬಂತು. ಹಿಂದಿರುಗಿ ನೋಡಿದರೆ ತುಂಬಿದ್ದೆಲ್ಲ ಮಾಯ! “ಒಂದು ಗಂಟೆಯ ಶ್ರಮ ಸ್ವಾಮಿ, ನಾಳೆಯೇ ಕಡೆಯ ದಿನ” ಎಂದು ಫೋನಿನಲ್ಲಿ ಅವರು ನೊಂದುಕೊಂಡಾಗ ನಾವು ತಲೆತಗ್ಗಿಸಬೇಕಾಯಿತು. ಮರುದಿನ ಅವರ ಮನೆಗೇ ಹೋಗಿ, ಜೊತೆಯಲ್ಲಿ ಕುಳಿತು, ಅರ್ಜಿಯನ್ನು ಮತ್ತೆ ತುಂಬಿಸಿ ಬಂದೆವು.

ಅಂದು ರಾತ್ರಿಯೇ ಪುಟದ ಕೊಂಡಿಗಳೆಲ್ಲ ಹೊಸ ಕಿಟಕಿಯಲ್ಲಿ ತೆರೆಯುವಂತೆ ಮಾಡಿಬಿಟ್ಟೆವು. ವಾರ ಕಳೆಯುವಷ್ಟರಲ್ಲಿ ಅದೇ ಹಿರಿಯರಿಂದ ಮತ್ತೆ ಕರೆ: “ಎಲ್ಲಿ ಒತ್ತಿದರೂ ಹೊಸ ಪುಟ. ‘ಹಿಂದಕ್ಕೆ’ ಎಂಬ ಗುಂಡಿ ಅಲುಗಾಡುವುದೇ ಇಲ್ಲವಲ್ಲ! ಮೊದಲಿದ್ದ ಕಡೆಗೆ ಹೋಗುವುದು ಹೇಗೆ?” ಹೊಸದಾಗಿ ತೆರೆದ ಕಿಟಕಿಗೆ ಹಿಂದಿನದೆಂಬುದೇ ಇಲ್ಲ, ಗುಂಡಿ ತಾನೆ ಎಲ್ಲಿಗೆ ಕರೆದೊಯ್ದೀತು?

ವಿಷಯ ಇಷ್ಟೆ. ನಾವೇನೂ ಹೇಳದಿದ್ದರೆ ಕೊಂಡಿ ಇದ್ದ ಕಿಟಕಿಯಲ್ಲೇ ತೆರೆಯುತ್ತದೆ. ‘ಟಾರ್ಗೆಟ್’ ಎಂಬಲ್ಲಿ, ಮೊದಲಿಗೊಂದು ಅಡಿಗೆರೆ ಹಾಕಿ, ‘ಬ್ಲ್ಯಾಂಕ್’ ಎಂದು ಬರೆದರೆ ಹೊಸದರಲ್ಲಿ ತೆರೆಯುತ್ತದೆ. ಇದ್ದಲ್ಲೇ ತೆರೆಯುವ ಕೊಂಡಿಯನ್ನು ಬೇಕಾದವರು ತಾವೇ ಹೊಸದರಲ್ಲಿ ತೆರೆದುಕೊಳ್ಳಬಹುದು: ಕಂಪ್ಯೂಟರಿನಲ್ಲಿ ‘ಕಂಟ್ರೋಲ್’ ಒತ್ತಿ ಹಿಡಿದು ಕ್ಲಿಕ್ ಮಾಡಿದರಾಯಿತು, ಫೋನಿನಲ್ಲಿ ಕೊಂಡಿಯ ಮೇಲೆ ಬೆರಳನ್ನು ತುಸು ಹೊತ್ತು ಒತ್ತಿ ಹಿಡಿದರಾಯಿತು. ನಾವೇ ಬಲವಂತದಿಂದ ಹೊಸದನ್ನು ತೆರೆದರೆ ಓದುವವರಿಗೆ ಆ ಸ್ವಾತಂತ್ರ್ಯ ಉಳಿಯುವುದಿಲ್ಲ.

ಆದಕಾರಣ ಈಗ ಎಲ್ಲ ಕೊಂಡಿಗಳನ್ನೂ ಮೊದಲಿನಂತೆ ಬಿಟ್ಟಿದ್ದೇವೆ. ಅರ್ಜಿಯ ನಡುವೆ ಬರುವವು ಮಾತ್ರ ಬೇರೆಯಾಗಿ ತೆರೆಯುತ್ತವೆ. ಅವುಗಳ ಪಕ್ಕದಲ್ಲಿ ‘ಹೊಸ ಕಿಟಕಿಯಲ್ಲಿ’ ಎಂದು ಬರೆದೂ ಇದ್ದೇವೆ. ಹಾಗೆ ತೆರೆದ ಪರಪುಟವು ಹಿಂದಿರುವ ನಮ್ಮ ಪುಟವನ್ನೇ ಬದಲಿಸಿ ಮೋಸಮಾಡುವ ಅಪಾಯವೊಂದುಂಟು. 2021ರಿಂದೀಚಿನ ಮುಖ್ಯ ಬ್ರೌಸರುಗಳು ಇದನ್ನು ತಾವಾಗಿಯೇ ತಡೆಯುತ್ತವೆ. ಆದರೆ ಹಳೆಯ ಫೋನುಗಳು ನಮ್ಮ ಮನೆಗಳಲ್ಲಿ ಇನ್ನೂ ಉಂಟಲ್ಲವೆ? ಅದಕ್ಕೆಂದು ‘ರೆಲ್’ ಎಂಬಲ್ಲಿ ‘ನೋಓಪನರ್’ ಎಂದೂ ಸೇರಿಸಿದ್ದೇವೆ.

ಬೇರೆ ಊರಿನ ಸಂಘಗಳಲ್ಲಿ ಈ ಕೆಲಸ ಮಾಡುತ್ತಿರುವ ತರುಣ ಮಿತ್ರರಲ್ಲಿ ನಮ್ಮದೊಂದು ಪ್ರಾರ್ಥನೆ. ಪುಟವನ್ನು ಸಿದ್ಧಪಡಿಸಿದ ಮೇಲೆ ಫೋನನ್ನು ಮನೆಯ ಅಜ್ಜನ ಕೈಗೋ ಅಜ್ಜಿಯ ಕೈಗೋ ಕೊಡಿ. ಒಂದು ಕೊಂಡಿಯನ್ನು ಒತ್ತಿ, ಹೋಗಿ, ಮರಳಿ ಬರಲು ಹೇಳಿ. ನೀವು ಮಾತ್ರ ಬಾಯಿಬಿಡದೆ ಪಕ್ಕದಲ್ಲಿ ಕುಳಿತು ನೋಡಿ.